ಮನೆ ರಿಪೇರಿಯ ರೀಲ್ಸ್ ಮಾಡ್ತೀರಾ? ಹಾಗಾದ್ರೆ ಮೊದಲು ಹೆಸರು ಹೇಳಿ

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಅಜ್ಜಿ ಮನೆಯ ಮಾಡು ಬಿಚ್ಚಿದೆವು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಇರುವ ಮನೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರು ಚಾವಡಿ, ಹಿಂದೆ ಬಚ್ಚಲು ಕೊಟ್ಟಿಗೆ. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು, ಎರಡು ಕಡೆ ಸೋರುತ್ತಿತ್ತು. ಕೆಡವಿ ಹೊಸದು ಕಟ್ಟುವ ಅಂತ ಮಾವ, ಬೇಡವೇ ಬೇಡ ಅಂತ ಅಮ್ಮ. ಕೊನೆಗೆ ಖರ್ಚಿನ ಲೆಕ್ಕ ಹಾಕಿ ನೋಡಿ ರಿಪೇರಿಯೇ ಸಾಕು ಅಂತ ಆಯ್ತು. ಹಾಳಾದ ಪಕ್ಕಾಸು ಬದಲಿಸುವುದು, ಗಟ್ಟಿ ಇರುವುದನ್ನು ಹಾಗೇ ವಾಪಸ್ ಇಡುವುದು, ಅಡುಗೆ ಕೋಣೆ ಮಾತ್ರ ಕಾಂಕ್ರೀಟ್.

ನಾನು ಫೋನ್ ಹಿಡಿದುಕೊಂಡು ನಿಂತೆ. ಈಗ ಎಲ್ಲರೂ ಮಾಡುವ ಕೆಲಸವೇ. ಹಳೆ ಮನೆ, ಹಂಚು ಇಳಿಸುವುದು, ಹೊಸ ಪಾಲಿಶ್, ಕೊನೆಗೆ ದೀಪ ಹಚ್ಚಿದ ಚಾವಡಿ. ಒಂದು ನಿಮಿಷದ ಒಳಗೆ ಎಲ್ಲ ಮುಗಿಸಿ ಹಿಂದಿನಿಂದ ಒಂದು ಸಿನಿಮಾ ಹಾಡು. ಕ್ಯಾಪ್ಷನ್ ಹಾಕಿದ್ದು ಮಲಯಾಳದಲ್ಲಿ, 'ನಮ್ಮುಡೆ ಪಳಯ ವೀಡ್' ಅಂತ. ಯಾಕೆಂದರೆ ವ್ಯೂಸ್ ಬರಬೇಕಲ್ಲ. ಕೇರಳದಲ್ಲಿ ಹಳೆ ಮನೆ ರಿಪೇರಿಯ ವಿಡಿಯೋಗಳಿಗೆ ನೋಡುವವರು ತುಂಬಾ ಉಂಟು. ನನಗೂ ಬಂದರು. ಬ್ಯಾಂಕಿನಲ್ಲಿ ಕೌಂಟರ್ ಎದುರು ನಿಂತವರು ಕೂಡ "ನಿಮ್ಮ ಮನೆ ನೋಡಿದೆ" ಅಂದರು. ಖುಷಿ ಆಯ್ತು, ಸುಳ್ಳು ಹೇಳುದಿಲ್ಲ.

ಭಾನುವಾರ ಅಜ್ಜಿಗೆ ತೋರಿಸಿದೆ. ಅವರಿಗೆ ಈಗ ಎಂಬತ್ತನಾಲ್ಕು. ಬೆಳೆದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲ ಅದೇ ಮನೆಯಲ್ಲಿ. ಪೂರ್ತಿ ನೋಡಿ ಫೋನ್ ವಾಪಸ್ ಕೊಟ್ಟು ತುಳುವಿನಲ್ಲಿ ಕೇಳಿದರು: "ಉಂದು ಏರೆನ ಇಲ್ಲ್ ಮಗಾ?" ಇದು ಯಾರ ಮನೆ ಅಂತ.

ಕಣ್ಣು ಕಾಣದೆ ಕೇಳಿದ್ದಲ್ಲ. ಅದರಲ್ಲಿ ಅವರಿಗೆ ಗೊತ್ತಿರುವ ಒಂದೇ ಒಂದು ಶಬ್ದ ಇರಲಿಲ್ಲ. ಚಾವಡಿಯನ್ನು ನಾನು 'ಸಿಟ್ ಔಟ್' ಅಂತ ಬರೆದಿದ್ದೆ. ಬಚ್ಚಲು ಕೊಟ್ಟಿಗೆ 'ವರ್ಕ್ ಏರಿಯಾ' ಆಗಿತ್ತು. ಊರಿನ ಹೆಸರನ್ನು ಆ್ಯಪ್ ತೋರಿಸಿದ ಹಾಗೆ ಒತ್ತಿಬಿಟ್ಟಿದ್ದೆ, ನಾವು ಹೇಳುವ ಹಾಗೆ ಅಲ್ಲ. ಅಜ್ಜಿಯ ಮನೆ, ಅಜ್ಜಿಯ ದೇಶದಿಂದ ಹೊರಗೆ ಹೋಗಿತ್ತು. ಅದನ್ನು ಹೊರಗೆ ಹಾಕಿದ್ದು ಸರ್ಕಾರ ಅಲ್ಲ, ಕಮಿಟಿ ಅಲ್ಲ. ನಾನೇ.

ಗಡಿ ತಾಲೂಕಿನ ಗೆಳೆಯ ಗೆಳತಿಯರೇ, ಈ ಬರಹ ಇಷ್ಟಕ್ಕೇ. ಮನೆ ಕೆಡವಬೇಡಿ ಅಂತ ಹೇಳಲು ನಾನು ಬಂದಿಲ್ಲ. ರೀಲ್ಸ್ ಮಾಡಬೇಡಿ ಅಂತಲೂ ಅಲ್ಲ. ಮಾಡುವುದಾದರೆ ದಾಖಲೆ ಆಗುವ ಹಾಗೆ ಮಾಡಿ, ನಮ್ಮ ಭಾಷೆಯಲ್ಲಿ ಮಾಡಿ. ಇಲ್ಲದಿದ್ದರೆ ಮನೆ ಉಳಿದರೂ ನಮ್ಮ ಕೈಯಲ್ಲಿ ಎಂತದೂ ಉಳಿಯುದಿಲ್ಲ.

ಹನ್ನೊಂದು ಸೆಕೆಂಡಿನ ಕ್ಲಿಪ್

ಅಜ್ಜಿ ಹಾಗೆ ಕೇಳಿದ ರಾತ್ರಿ ನನ್ನ ಫೋನಿನಲ್ಲಿದ್ದ ಎಲ್ಲ ಕ್ಲಿಪ್ ಮತ್ತೆ ನೋಡಿದೆ. ಅಂಗಳದಲ್ಲಿ ಪಕ್ಕಾಸು ಜೋಡಿಸಿಟ್ಟ ಒಂದು ಕ್ಲಿಪ್ ಇತ್ತು, ಹನ್ನೊಂದು ಸೆಕೆಂಡಿನದ್ದು. ರೀಲ್ಸಿಗೆ ಬೇಡ ಅಂತ ಬಿಟ್ಟದ್ದು. ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ಮರದ ತುದಿಯಲ್ಲಿ ಉಳಿಯಿಂದ ಗೀರಿದ ಅಕ್ಷರ. 'ಬ ೩'. ಅದರ ಪಕ್ಕದ್ದು 'ಬ ೪'. ಇನ್ನೊಂದು ರಾಶಿಯಲ್ಲಿ 'ಪ ೭'.

ಸ್ವಲ್ಪ ಹೊತ್ತು ಅರ್ಥ ಆಗಲಿಲ್ಲ. ಮತ್ತೆ ಹೊಳೆಯಿತು. ಬ ಅಂದರೆ ಬಡಗು, ಪ ಅಂದರೆ ಪಡು. ಮೂಡು, ಪಡು, ಬಡಗು, ತೆಂಕು ಅಂತ ನಾವು ಈಗಲೂ ದಿಕ್ಕು ಹೇಳುತ್ತೇವಲ್ಲ, ಅದೇ. ಕೆಳಗೆ ಕೂತು ಮರ ಕೆತ್ತಿ, ಮೇಲೆ ಹತ್ತಿಸಿದಾಗ ಯಾವುದು ಎಲ್ಲಿ ಕೂರಬೇಕು ಅಂತ ತಪ್ಪಬಾರದು ಎಂದು ಆಚಾರಿ ಹಾಕಿದ ಗುರುತು. ಬಡಗು ಬದಿಯ ಮೂರನೆಯದು, ಪಡು ಬದಿಯ ಏಳನೆಯದು.

ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಬೈಕ್ ತೆಗೆದುಕೊಂಡು ಓಡಿದೆ. ತಡ ಆಗಿತ್ತು. ಗಟ್ಟಿ ಇದ್ದ ಪಕ್ಕಾಸುಗಳನ್ನೆಲ್ಲ ಯಾವತ್ತೋ ಉಜ್ಜಿ, ಗೆದ್ದಲಿನ ಎಣ್ಣೆ ಹಚ್ಚಿ ಮೇಲೆ ಏರಿಸಿ ಆಗಿದೆ. ಹಾಳಾದದ್ದು ಬಚ್ಚಲ ಒಲೆಗೆ ಹೋಗಿದೆ. ಕೆಲಸದವರ ತಪ್ಪಲ್ಲ. ಬಂಗಾಳದಿಂದ ಬಂದ ಹುಡುಗರು ಅವರು, ಅವರಿಗೆ ಅದು ಮರದ ಮೇಲಿನ ಗೀರು ಅಷ್ಟೆ. ತಪ್ಪು ಎಂಟು ದಿನ ಫೋನ್ ಹಿಡಿದು ಅಲ್ಲೇ ನಿಂತಿದ್ದವನದ್ದು.

ಅಜ್ಜಿಗೆ ಆ ಚಿತ್ರ ತೋರಿಸಿದಾಗ ಕೂಡಲೇ ಗುರುತು ಹಿಡಿದರು. ಮನೆ ಕಟ್ಟುವಾಗ ಅವರಿಗೆ ಆರೋ ಏಳೋ ವರ್ಷ. "ಬ ಅಕ್ಷರ ನಾನು ಶಾಲೆಗೆ ಸೇರುವ ಮೊದಲೇ ಆಚಾರಿಯ ಹತ್ತಿರ ಕೂತು ಕಲಿತದ್ದು" ಅಂದರು. ಇದನ್ನು ಅಮ್ಮನೂ ಮೊದಲ ಸಲ ಕೇಳಿದ್ದು. ಯಾರೂ ಕೇಳಿರಲಿಲ್ಲ, ಅದಕ್ಕೇ ಅವರು ಹೇಳಿರಲಿಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಎಂಟನೇ ಕ್ಲಾಸ್ ಓದುವ ನನ್ನ ಅಕ್ಕನ ಮಗನಿಗೆ ೩, ೪, ೭ ಓದಲು ಬರಲಿಲ್ಲ. ಡಿಸೈನಾ ಮಾಮ ಅಂತ ಕೇಳಿದ.

ಇದು ಸಣ್ಣ ಸಂಗತಿ ಅಲ್ಲ

ನಮ್ಮ ಊರಿನ ಇತಿಹಾಸ ಎಲ್ಲರಿಗೂ ಬಾಯಿಪಾಠ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ದಿನ ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು, ಅದು ಜಾರಿ ಆಗಲಿಲ್ಲ. ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮವರು. ಪ್ರತಿ ನವೆಂಬರಿನಲ್ಲಿ ಇದನ್ನೆಲ್ಲ ಹಂಚಿಕೊಳ್ಳುತ್ತೇವೆ. ಹಂಚಿಕೊಳ್ಳಬೇಕು ಕೂಡ.

ಆದರೆ ಇಲ್ಲಿ ಕನ್ನಡ ಇತ್ತು ಅನ್ನುವುದಕ್ಕೆ ಕವಿಗಳು ಮತ್ತು ಆಯೋಗದ ವರದಿ ಮಾತ್ರ ಸಾಕ್ಷಿಯಾ? ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಇನ್ನೊಂದೋ ಇರಲಿ, ಈ ನೆಲದಲ್ಲಿ ಬರೆಯುವ ಕೆಲಸ ಬಂದಾಗ ಜನ ಹಿಡಿದದ್ದು ಕನ್ನಡ ಅಕ್ಷರ. ಮರದ ಕೆಲಸದ ಒಬ್ಬ ಆಚಾರಿ, ಯಾರ ಒತ್ತಾಯವೂ ಇಲ್ಲದೆ, ಯಾರೂ ನೋಡದ ಜಾಗದಲ್ಲಿ, ತನ್ನ ಕೆಲಸ ಸರಿ ಆಗಲಿ ಅಂತ 'ಬ ೩' ಅಂತ ಗೀರಿದ್ದಾನೆ. ಭಾಷೆ ಬದುಕಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ. ಅಂಥ ಸಾಕ್ಷಿಯನ್ನು ನಾವೇ ಸ್ನಾನದ ನೀರು ಕಾಯಿಸಲು ಉರಿಸುತ್ತಿದ್ದೇವೆ.

ನಾನು ಕಲಿತದ್ದು ಬಿ.ಕಾಂ. ಅಲ್ಲಿ ಮೊದಲು ಹೇಳಿಕೊಡುವ ಮಾತು ಒಂದುಂಟು. ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ಲೆಕ್ಕ ಶುರು ಮಾಡಿದರೆ ಕೊನೆಗೆ ಬಂದ ಮೊತ್ತಕ್ಕೆ ಅರ್ಥ ಇಲ್ಲ. 'ಕನ್ನಡ ಕಡಿಮೆ ಆಗ್ತಾ ಉಂಟು' ಅಂತ ದೂರುತ್ತೇವಲ್ಲ, ಎಷ್ಟಿತ್ತು, ಎಲ್ಲೆಲ್ಲಿ ಇತ್ತು ಅಂತ ಬರೆದಿಟ್ಟವರು ಎಷ್ಟು ಮಂದಿ? ಮನೆ ಬಿಚ್ಚುವ ಮೊದಲ ದಿನದ ವಿಡಿಯೋ ಅಂದರೆ ಅದೇ ಓಪನಿಂಗ್ ಬ್ಯಾಲೆನ್ಸ್.

2021ರ ಜೂನ್‌ನಲ್ಲಿ ನಮ್ಮ ಊರುಗಳ ಹೆಸರು ಬದಲಿಸುತ್ತಾರೆ ಅಂತ ದೊಡ್ಡ ಗಲಾಟೆ ಆಯ್ತು. ಅಂಥ ತೀರ್ಮಾನ ಇಲ್ಲ ಅಂತ ಕೇರಳ ಸರ್ಕಾರ ಹೇಳಿತು. ಬೋರ್ಡಿನ ಹೆಸರಿಗೆ ಸಿಟ್ಟು ಬಂದದ್ದು ಸರಿ. ಆದರೆ ನಮ್ಮದೇ ಫೋಟೋದ ಕೆಳಗೆ ನಮ್ಮದೇ ಬೆರಳಿನಿಂದ ಊರ ಹೆಸರು ಬದಲಾಗುವಾಗ ಯಾರ ಮೇಲೆ ಸಿಟ್ಟು ಮಾಡುವುದು?

ಸಂವಿಧಾನದ 29ನೇ ವಿಧಿ ನಮ್ಮ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಉಳಿಸಿಕೊಳ್ಳುವ ಹಕ್ಕು, ಗಮನಿಸಿ. ಉಳಿಸುವ ಕೆಲಸ ನಮ್ಮದೇ. ಅದಕ್ಕೆ ಬೇಕಾದ ಮೊದಲ ಸಾಧನ ಈಗ ಎಲ್ಲರ ಕಿಸೆಯಲ್ಲಿ ಉಂಟು.

ಎಂತ ಮಾಡಬಹುದು?

ನಾನು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ.

1. ಒಂದು ಹೆಂಚು, ಒಂದು ಕಲ್ಲು ತೆಗೆಯುವ ಮೊದಲು ಇಡೀ ಮನೆ ನಡೆದು ವಿಡಿಯೋ ಮಾಡಿ. ಫೋನ್ ಅಡ್ಡ ಹಿಡಿಯಿರಿ, ನಿಧಾನ ನಡೆಯಿರಿ, ಹಾಡು ಬೇಡ. ಬೆಳಿಗ್ಗೆಯ ಬೆಳಕು ಒಳ್ಳೆಯದು. ಮನೆಯ ಹಿರಿಯರನ್ನು ಮುಂದೆ ಬಿಡಿ, ಅವರು ಹೆಸರು ಹೇಳುತ್ತಾ ಹೋಗಲಿ. ನೀವು "ಇದಕ್ಕೆ ಎಂತ ಹೇಳುದು?" ಅಂತ ಕೇಳಿದರೆ ಸಾಕು. ದಾರಂದ, ಮುಚ್ಚಿಗೆ, ಪತ್ತಾಯ, ಕಡೆಯುವ ಕಲ್ಲು ಎಲ್ಲ ತಾನಾಗಿ ಬರುತ್ತದೆ. ಹೆಸರಿನ ಹಿಂದೆ ಕಥೆ ಬರುತ್ತದೆ. ಹೊಸ ಮನೆಯಲ್ಲಿ ಪತ್ತಾಯ ಇರುವುದಿಲ್ಲ. ವಸ್ತು ಹೋದ ಮೇಲೆ ಆ ಶಬ್ದ ಹೇಳುವ ಸಂದರ್ಭವೇ ಬರುವುದಿಲ್ಲ.

2. ಬಿಚ್ಚುವಾಗ ಹೆಚ್ಚು ಎಚ್ಚರ ಬೇಕು. ಮೊದಲು ಮತ್ತು ನಂತರದ ಫೋಟೋ ಎಲ್ಲರೂ ತೆಗೆಯುತ್ತಾರೆ. ನಡುವಿನದ್ದೇ ಮುಖ್ಯ. ಮರದ ತುದಿ, ಬಾಗಿಲಿನ ಹಿಂಬದಿ, ಅಟ್ಟದ ಗೋಡೆ, ಹಂಚಿನ ಒಳಮೈ. ಅಲ್ಲೇ ಬರಹ ಇರುವುದು. ಹತ್ತಿರ ಹೋಗಿ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ. ಇದರಿಂದ ಲಾಭವೂ ಉಂಟು. ನಮ್ಮ ಚಾವಡಿಯ ಮೂಲೆ ಜೋಡಣೆ ಹೇಗಿತ್ತು ಅಂತ ಮರದ ಕೆಲಸದವರಿಗೆ ಸಂಶಯ ಬಂದಾಗ ನನ್ನ ಇನ್ನೊಂದು ಕ್ಲಿಪ್ ನೋಡಿಯೇ ಕೂರಿಸಿದ್ದು.

3. ಕಂಡದ್ದಕ್ಕೆಲ್ಲ ಅರ್ಥ ಹಚ್ಚಬೇಡಿ. ನಮ್ಮ ಮನೆಯ ಕೆಲವು ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ, 1865 ಅಂತ ಅಚ್ಚು ಉಂಟು. ನಾನು ಹಿಂದೆ ಮುಂದೆ ನೋಡದೆ '160 ವರ್ಷ ಹಳೆ ಮನೆ' ಅಂತ ಹಾಕಿದೆ. ಊರಿನ ಒಬ್ಬರು ಮೇಷ್ಟ್ರು ಫೋನ್ ಮಾಡಿ ಬೈದರು. 1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಮನೆಯದ್ದಲ್ಲ ಮಾರಾಯ ಅಂತ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋದವು, ಹಂಚಿನ ಹೆಸರೂ ಬದಲಾಯಿತು. ನಮ್ಮ ಮನೆ ಕಟ್ಟಿದ್ದು ಸ್ವಾತಂತ್ರ್ಯ ಬಂದ ಮರುವರ್ಷ, ಬೇರೆ ಹಳೆ ಮನೆಯ ಹಂಚು ತಂದು ಹೊದೆಸಿದ್ದು. ಸುಳ್ಳು ಹೆಚ್ಚುಗಾರಿಕೆಯಿಂದ ನಮ್ಮ ನಿಜವಾದ ಸಾಕ್ಷಿಗೂ ಬೆಲೆ ಹೋಗುತ್ತದೆ. ನಮ್ಮ ವಿರೋಧಿಗಳಿಗೆ ಅಷ್ಟೇ ಸಾಕು.

4. ಸ್ಟೇಟಸ್ ದಾಖಲೆ ಅಲ್ಲ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒರಿಜಿನಲ್ ಫೈಲುಗಳನ್ನು ಫೋನ್ ಬಿಟ್ಟು ಇನ್ನೆರಡು ಕಡೆ ಇಡಿ. ಫೈಲಿಗೆ ಹೆಸರು ಕೊಡಿ: ಊರು, ಭಾಗ, ತಾರೀಕು. ಒಳ್ಳೆಯ ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದರೆ ಕನ್ನಡ ವಿಕಿಪೀಡಿಯಕ್ಕೂ 2016ರಲ್ಲಿ ಶುರುವಾದ ತುಳು ವಿಕಿಪೀಡಿಯಕ್ಕೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಬಳಸಬಹುದು ಅನ್ನುವುದು ನೆನಪಿರಲಿ, ಮನೆಯವರಲ್ಲಿ ಕೇಳಿ ಹಾಕಿ.

5. ಹಳೆ ಪೆಟ್ಟಿಗೆಯಲ್ಲಿ ಕಾಗದ ಸಿಕ್ಕರೆ ಸ್ಕ್ಯಾನ್ ಮಾಡಿ. ಆದರೆ ದಯವಿಟ್ಟು ಪೋಸ್ಟ್ ಮಾಡಬೇಡಿ. ನಮ್ಮಲ್ಲಿ ಹಳೆ ದಸ್ತಾವೇಜು, ಗೇಣಿ ಚೀಟು ಎಲ್ಲ ಕನ್ನಡದಲ್ಲಿ ಇರುತ್ತವೆ. ಮೂಲಗೇಣಿ, ಚಾಲಗೇಣಿ, ಕುಮ್ಕಿ ಅನ್ನುವ ಶಬ್ದಗಳು ಸಿಗುತ್ತವೆ. ಸಾಲಕ್ಕೆ ಬರುವವರು ಅವನ್ನು ತಂದು ಕೌಂಟರಿನಲ್ಲಿ ಇಡುವಾಗ ಓದಲು ಗೊತ್ತಿರುವವರನ್ನು ಹುಡುಕಬೇಕಾದ ಸ್ಥಿತಿ ಈಗಾಗಲೇ ಬಂದಿದೆ. ಕನ್ನಡ ಓದಲು ಬಂದರೆ ನಿಮ್ಮ ಜಾಗದ ಹಕ್ಕು ನಿಮಗೆ ಓದಲು ಬಂದ ಹಾಗೆ. ಆದರೆ ಸರ್ವೆ ನಂಬರ್, ಸಹಿ, ಹೆಬ್ಬೆಟ್ಟು ಇರುವ ಕಾಗದ ಊರಿಗೆಲ್ಲ ತೋರಿಸಿದರೆ ಮೋಸಗಾರರಿಗೆ ನಾವೇ ಬಾಗಿಲು ತೆರೆದ ಹಾಗೆ.

6. ಮನೆಯಲ್ಲಿ ಯಾರೂ ಇಲ್ಲದ ದಿನ, ತಿಜೋರಿ ಇರುವ ಕೋಣೆ, ಹಿತ್ತಿಲ ಬಾಗಿಲಿನ ಬೀಗ ಇವೆಲ್ಲ ವಿಡಿಯೋದಲ್ಲಿ ಬರುವುದು ಬೇಡ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೋದ ಜೊತೆ ಆ ಮಾಹಿತಿಯೂ ಹೋಗುತ್ತದೆ. ದೈವದ ಕೋಣೆ ಇದ್ದರೆ ಹಿರಿಯರು ಹೂಂ ಅಂದರೆ ಮಾತ್ರ. ಅದು ಲೈಕ್ಸಿಗೆ ಇರುವ ಜಾಗ ಅಲ್ಲ.

ಕನ್ನಡದಲ್ಲಿ ಹಾಕಿದರೆ ಯಾರು ನೋಡ್ತಾರೆ?

ನನ್ನ ಗೆಳೆಯನೊಬ್ಬ ನೇರವಾಗಿ ಕೇಳಿದ. ಅವನ ಮಾತಿನಲ್ಲಿ ಸತ್ಯ ಉಂಟು. ಅಜ್ಜಿ ಕೇಳಿದ ಮೇಲೆ ಕನ್ನಡದಲ್ಲಿ ಹೆಸರು ಹೇಳಿ, ನಡುವೆ ಅಜ್ಜಿಯ ತುಳು ಮಾತು ಹಾಗೇ ಬಿಟ್ಟು ಇನ್ನೊಂದು ವಿಡಿಯೋ ಹಾಕಿದೆ. ಮೊದಲಿನದ್ದರ ಹತ್ತನೇ ಒಂದು ಪಾಲು ಕೂಡ ನೋಡಲಿಲ್ಲ. ಆದರೆ ನೋಡಿದವರಲ್ಲಿ ಇಬ್ಬರು ನೆಂಟರು ತಮ್ಮ ಮನೆಯ ಅಟ್ಟ ಹತ್ತಿ ಫೋಟೋ ಕಳಿಸಿದರು. ಒಂದರಲ್ಲಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಭತ್ತದ ಲೆಕ್ಕ, ಮುಡಿ ಎಷ್ಟು, ಸೇರು ಎಷ್ಟು ಅಂತ ಕನ್ನಡ ಅಂಕಿಯಲ್ಲಿ. ಮೊದಲಿನ ರೀಲ್ಸ್ ನೋಡಿದ ಸಾವಿರಾರು ಮಂದಿಯಲ್ಲಿ ಯಾರೂ ಅಟ್ಟ ಹತ್ತಿರಲಿಲ್ಲ.

ಮಲಯಾಳದ ಮೇಲೆ ನನಗೆ ದ್ವೇಷ ಇಲ್ಲ. ದಿನಾ ಕೌಂಟರಿನಲ್ಲಿ ಮಲಯಾಳ ಮಾತಾಡಿಯೇ ನಾನು ಅನ್ನ ತಿನ್ನುವುದು. ನಮ್ಮ ಮನೆಯ ರಿಪೇರಿಯಲ್ಲಿ ಮಲಯಾಳದವರ ಬೆವರೂ ಉಂಟು. ಕ್ಯಾಪ್ಷನ್ನಿನಲ್ಲಿ ಎರಡು ಸಾಲು ಮಲಯಾಳವೂ ಇರಲಿ, ಅವರಿಗೂ ಗೊತ್ತಾಗಲಿ. ಆದರೆ ಮೇಲಿನ ಸಾಲು ಕನ್ನಡದ್ದು ಇರಲಿ, ಹೆಸರುಗಳು ನಮ್ಮ ಮನೆಯವರು ಹೇಳುವ ಹಾಗೇ ಇರಲಿ.

ಇನ್ನು ಕೆಲವರು ಹೇಳುತ್ತಾರೆ, ಹಳೆ ಮನೆ ಅಂದರೆ ದೊಡ್ಡವರ ಮನೆ ಮಾತ್ರ, ನಮ್ಮದು ಸಣ್ಣ ಮನೆ ಅಂತ. ಹಾಗೆ ಎಣಿಸುವುದೇ ತಪ್ಪು. ಗುತ್ತು ಬೀಡುಗಳ ಫೋಟೋ ತೆಗೆಯಲು ಹೊರಗಿನವರು ಬರುತ್ತಾರೆ. ಮೂರು ಕೋಣೆಯ ಮನೆಗೆ, ಮಣ್ಣಿನ ಗೋಡೆಗೆ, ಒಕ್ಕಲು ಕೂತವರ ಬಿಡಾರಕ್ಕೆ ಯಾರೂ ಬರುವುದಿಲ್ಲ. ಅಲ್ಲಿಗೆ ಬರುವ ಕ್ಯಾಮೆರಾ ನಿಮ್ಮದೊಂದೇ.

ಈ ಪೇಜ್ ನೋಡುವವರು ಕಾಸರಗೋಡಿನವರು ಮಾತ್ರ ಅಲ್ಲ ಅಂತ ಗೊತ್ತು. ಅಕ್ಕಲಕೋಟೆ, ಜತ್ತದ ಗೆಳೆಯರೇ, ನಿಮ್ಮ ಮೇಲ್ಮುದ್ದೆ ಮನೆ, ಪಡಸಾಲೆ, ಕಾಳು ತುಂಬುವ ಹಗೇವು ಇನ್ನೆಷ್ಟು ವರ್ಷ ಇರುತ್ತವೆ? ಹೊಸೂರು, ತಾಳವಾಡಿಯವರೇ, ನಿಮ್ಮ ತೊಟ್ಟಿ ಮನೆ, ಜಗಲಿ? ಆದೋನಿ, ರಾಯದುರ್ಗ, ಮಡಕಶಿರಾದವರೇ, ನಿಮ್ಮ ಮಾಳಿಗೆ ಮನೆಯ ತೊಲೆಯ ಮೇಲೆ ಯಾವ ಅಕ್ಷರ ಉಂಟು ಅಂತ ನೋಡಿದ್ದೀರಾ? ನೀಲಗಿರಿಯ ಬಡಗರು ಊರಿಗೇ ಹಟ್ಟಿ ಅನ್ನುತ್ತಾರೆ, ನಮ್ಮಲ್ಲಿ ಹಟ್ಟಿ ಅಂದರೆ ದನ ಕಟ್ಟುವ ಜಾಗ. ಹೀಗೆ ಎಲ್ಲರ ಶಬ್ದಗಳನ್ನು ಪಕ್ಕ ಪಕ್ಕ ಇಟ್ಟು ನೋಡುವ ದಿನ ಬಂದರೆ ಎಷ್ಟು ಚಂದ! ಆದರೆ ಮೊದಲು ಶಬ್ದ ಉಳಿಯಬೇಕಲ್ಲ.

ಈಗ ಬೇಸಿಗೆ. ಮಳೆ ಬರುವ ಮೊದಲು ಮಾಡು ಬಿಚ್ಚುವ ಕೆಲಸ ನಮ್ಮ ಕಡೆ ಎಲ್ಲ ಊರಿನಲ್ಲಿ ನಡೆಯುತ್ತದೆ. ನಿಮ್ಮ ಮನೆ, ನೆಂಟರ ಮನೆ, ಪಕ್ಕದ ಮನೆ ಎಲ್ಲಿಯಾದರೂ ರಿಪೇರಿ ಇದ್ದರೆ ಕೆಲಸದವರು ಬರುವ ಹಿಂದಿನ ದಿನ ಹೋಗಿ. ಮನೆಯ ಹಿರಿಯರನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ. ಅರ್ಧ ಗಂಟೆ ಸಾಕು.

ನಮ್ಮ ಮನೆಯ ಪಕ್ಕಾಸು ಈಗ ಮೇಲೆ ಕೂತಿದೆ, ಎಣ್ಣೆ ಹಚ್ಚಿ ಹೊಳೆಯುತ್ತದೆ. ಹೊಸದಾಗಿ ಹಾಕಿದ ಹದಿನಾಲ್ಕು ಪಕ್ಕಾಸಿನ ತುದಿಯಲ್ಲಿ ಹೊಸ ಅಂಕಿ ಉಂಟು. ಏರಿಸುವ ಮೊದಲು ಆಚಾರಿಯ ಉಳಿ ಕೇಳಿ ತೆಗೆದುಕೊಂಡು ಅಕ್ಕನ ಮಗನ ಕೈಯಿಂದ ಬರೆಯಿಸಿದೆ. ೩ ಸ್ವಲ್ಪ ಸೊಟ್ಟ ಆಗಿದೆ. ಅಜ್ಜಿ ಕೆಳಗೆ ಕುರ್ಚಿಯಲ್ಲಿ ಕೂತು ನೋಡಿ, ಪರವಾಗಿಲ್ಲ ಅಂದರು.